ಕಮಲಾದೇವಿಯವರ ಬದುಕನ್ನು ಎರಡು ಮಾಡಬೇಡಿ

ಕಮಲಾದೇವಿ ಚಟ್ಟೋಪಾಧ್ಯಾಯರ ಬಗ್ಗೆ ಮಾತಾಡುವಾಗ ನಮ್ಮಲ್ಲಿ ಒಂದು ರೂಢಿ ಬೆಳೆದುಬಿಟ್ಟಿದೆ. 1947ರವರೆಗೆ ಅವರು ಸ್ವಾತಂತ್ರ್ಯ ಹೋರಾಟಗಾರ್ತಿ, ಅಲ್ಲಿಂದಾಚೆಗೆ ಕರಕುಶಲ ಕಲೆಗಳ ಪೋಷಕಿ. ಮೊದಲ ಅರ್ಧದಲ್ಲಿ ಉಪ್ಪು, ಬಾವುಟ, ಜೈಲು. ಎರಡನೆಯ ಅರ್ಧದಲ್ಲಿ ಸೀರೆ, ಗೊಂಬೆ, ಕಲಂಕಾರಿ. ಹೋರಾಟ ಮುಗಿಯಿತು, ಆಮೇಲೆ ಅಭಿರುಚಿಯ ಕೆಲಸ ಶುರುವಾಯಿತು ಅನ್ನುವ ಹಾಗೆ ಕಥೆ ಸಾಗುತ್ತದೆ. ಭಾಷಣಗಳಲ್ಲಿ, ಜಯಂತಿಯ ಲೇಖನಗಳಲ್ಲಿ ನಾನು ಮತ್ತೆ ಮತ್ತೆ ಕಂಡದ್ದು ಇದನ್ನೇ.

ಈ ವಿಭಜನೆ ತಪ್ಪು ಎಂದು ನನಗೆ ಬಲವಾಗಿ ಅನಿಸುತ್ತದೆ. ಒಬ್ಬ ವ್ಯಕ್ತಿಯ ಚರಿತ್ರೆಯನ್ನು ಸರಿಯಾಗಿ ಬರೆಯಬೇಕು ಅನ್ನುವ ಹಟ ಮಾತ್ರ ಇದಕ್ಕೆ ಕಾರಣವಲ್ಲ. ಈ ವಿಭಜನೆಯಿಂದ ನಮಗೊಂದು ಅನುಕೂಲವಿದೆ, ಆ ಅನುಕೂಲವೇ ಅಪಾಯಕಾರಿ. ಉಪ್ಪಿನ ಸತ್ಯಾಗ್ರಹವನ್ನು ಬ್ರಿಟಿಷರ ಖಾತೆಗೆ ಬರೆದುಬಿಟ್ಟರೆ ಆ ಲೆಕ್ಕ ಚುಕ್ತಾ ಆಯಿತು, ಇನ್ನು ನಮ್ಮನ್ನು ಯಾರೂ ಏನೂ ಕೇಳುವ ಹಾಗಿಲ್ಲ. ಕರಕುಶಲವನ್ನು ಸೌಂದರ್ಯದ ಖಾತೆಗೆ ಬರೆದರೆ ಅದರಲ್ಲಿ ರಾಜಕೀಯವೇ ಇಲ್ಲವಾಯಿತು, ಎಂಪೋರಿಯಂಗೆ ಹೋಗಿ ಒಂದು ಸೀರೆ ಕೊಂಡರೆ ನಮ್ಮ ಪಾಲಿನ ಕರ್ತವ್ಯ ಮುಗಿಯಿತು. ಎರಡನ್ನೂ ಒಟ್ಟಿಗೆ ಇಟ್ಟು ನೋಡಿದಾಗ ಮಾತ್ರ ಕಮಲಾದೇವಿ ಜೀವನವಿಡೀ ಕೇಳಿದ ಪ್ರಶ್ನೆ ಕಾಣುತ್ತದೆ: ದುಡಿಯುವ ಕೈಗೆ ತನ್ನ ದುಡಿಮೆಯ ಮೇಲೆ, ತಾನು ಬಳಸುವ ನೆಲ ನೀರಿನ ಮೇಲೆ, ತನ್ನ ಮೈಯ ಮೇಲೆ ಹಕ್ಕು ಇದೆಯೋ ಇಲ್ಲವೋ? ಆ ಪ್ರಶ್ನೆ 1947ರಲ್ಲಿ ಮುಗಿಯಲಿಲ್ಲ. ಅವರಿಗೆ ಅದು ಶುರುವಾದದ್ದೂ ಕಾಂಗ್ರೆಸ್ ಸಭೆಯಲ್ಲಲ್ಲ, ಮಂಗಳೂರಿನ ಒಂದು ಮನೆಯಲ್ಲಿ.

ಕಮಲಾದೇವಿ ಹುಟ್ಟಿದ್ದು 1903ರ ಏಪ್ರಿಲ್ 3ರಂದು, ಮಂಗಳೂರಿನ ಸಾರಸ್ವತ ಮನೆತನದಲ್ಲಿ. ತಂದೆ ಅನಂತಯ್ಯ ಧಾರೇಶ್ವರ ಮದರಾಸು ಸರಕಾರದಲ್ಲಿ ದೊಡ್ಡ ಅಧಿಕಾರಿ. ತಾಯಿ ಗಿರಿಜಾಬಾಯಿ ಓದುಬರಹ ಬಲ್ಲವರು, ಸುಧಾರಕರ ಒಡನಾಟವಿದ್ದವರು. ರಾನಡೆ, ಗೋಖಲೆ, ರಮಾಬಾಯಿ ರಾನಡೆಯವರಂಥವರ ಪರಿಚಯ ಆ ಮನೆಗಿತ್ತು. ಮಗಳಿಗೆ ಏಳು ವರ್ಷವಾಗಿದ್ದಾಗ ತಂದೆ ತೀರಿಕೊಂಡರು. ಉಯಿಲು ಬರೆದಿರಲಿಲ್ಲ. ಆಗಿನ ಕಾನೂನಿನ ಪ್ರಕಾರ ಆಸ್ತಿ ಇಡಿಯಾಗಿ ಮೊದಲ ಹೆಂಡತಿಯ ಮಗನಿಗೆ ಹೋಯಿತು. ಗಿರಿಜಾಬಾಯಿ ಮತ್ತು ಅವರ ಹೆಣ್ಣುಮಕ್ಕಳಿಗೆ ಸಿಕ್ಕದ್ದು ತಿಂಗಳ ಜೀವನಾಂಶ. ಅದನ್ನು ಬೇಡವೆಂದು, ತವರಿನಿಂದ ತಮ್ಮ ಪಾಲಿಗೆ ಬಂದಿದ್ದರಲ್ಲೇ ಮಕ್ಕಳನ್ನು ಸಾಕುತ್ತೇನೆಂದು ಆ ತಾಯಿ ನಿಂತರು.

ಕಮಲಾದೇವಿಯವರ ಜೀವನಚರಿತ್ರೆಗಳಲ್ಲಿ ಈ ಘಟನೆ ಬಾಲ್ಯದ ದುಃಖವಾಗಿ ಒಂದು ಪ್ಯಾರಾದಲ್ಲಿ ಬಂದುಹೋಗುತ್ತದೆ. ನನ್ನ ದೃಷ್ಟಿಯಲ್ಲಿ ಅದು ಅವರ ಮೊದಲ ರಾಜಕೀಯ ಪಾಠ. ವಿದ್ಯೆ, ಅಂತಸ್ತು, ದೊಡ್ಡವರ ಪರಿಚಯ ಯಾವುದಕ್ಕೂ ಕೊರತೆಯಿಲ್ಲದ ಮನೆಯ ಯಜಮಾನತಿ ಗಂಡ ಸತ್ತ ಮರುದಿನ ತನ್ನದೇ ಮನೆಯಲ್ಲಿ ಹಂಗಿನವಳಾಗಬಹುದು. ಹಂಗನ್ನು ಬೇಡವೆನ್ನಬಹುದು, ಆದರೆ ಬೇಡವೆನ್ನುವುದಕ್ಕೂ ಕೈಯಲ್ಲಿ ಒಂದಿಷ್ಟು ಸ್ವಂತದ್ದು ಬೇಕು. ಮುಂದೆ ಸಮಾಜವಾದಿಯಾಗಿ, ಸಹಕಾರ ಚಳವಳಿಯವರಾಗಿ ಅವರು ಮಾಡಿದ ಕೆಲಸಕ್ಕೆಲ್ಲ ಈ ತಿಳಿವಳಿಕೆ ತಳಹದಿ. ಆ ಕಾನೂನು ಬದಲಾಗಲು ಎಷ್ಟು ಕಾಲ ಬೇಕಾಯಿತು ನೋಡಿ. ಮೈಸೂರು ಸಂಸ್ಥಾನದಲ್ಲಿ 1933ರಲ್ಲಿ ಹಿಂದೂ ಸ್ತ್ರೀಯರಿಗೆ ಕೆಲವು ಆಸ್ತಿ ಹಕ್ಕುಗಳು ಬಂದವು. ದೇಶಕ್ಕೆ 1956ರ ಉತ್ತರಾಧಿಕಾರ ಕಾಯಿದೆ ಬಂದರೂ ಪಿತ್ರಾರ್ಜಿತದಲ್ಲಿ ಮಗಳಿಗೆ ಮಗನ ಸಮ ಪಾಲು ಕೊಡಲಿಲ್ಲ. ಕರ್ನಾಟಕ ತನ್ನ ತಿದ್ದುಪಡಿಯನ್ನು ತಂದದ್ದು 1994ರಲ್ಲಿ, ಇಡೀ ದೇಶ 2005ರಲ್ಲಿ. ಗಿರಿಜಾಬಾಯಿಯ ಮಗಳು ತೀರಿಕೊಂಡು ಅಷ್ಟರಲ್ಲಿ ಹದಿನೇಳು ವರ್ಷವಾಗಿತ್ತು.

ಹದಿನಾಲ್ಕಕ್ಕೆ ಮದುವೆ, ಹದಿನಾರು ತುಂಬುವ ಹೊತ್ತಿಗೆ ವೈಧವ್ಯ, ಮದರಾಸಿನ ಕ್ವೀನ್ ಮೇರೀಸ್ ಕಾಲೇಜಿನಲ್ಲಿ ಓದು, ಸರೋಜಿನಿ ನಾಯ್ಡು ಅವರ ತಮ್ಮ ಹರೀಂದ್ರನಾಥರೊಂದಿಗೆ ಜಾತಿ, ಭಾಷೆ ಎರಡನ್ನೂ ದಾಟಿದ ಮರುಮದುವೆ, ಲಂಡನ್ನಿನಲ್ಲಿ ಸಮಾಜಶಾಸ್ತ್ರದ ವ್ಯಾಸಂಗ, ಗಂಡನ ಜೊತೆ ರಂಗಭೂಮಿ, ಒಬ್ಬ ಮಗ, ಆಮೇಲೆ ಆ ಮದುವೆಯಿಂದಲೂ ಹೊರಬಂದದ್ದು. ಇವನ್ನೆಲ್ಲ ರೋಚಕವಾಗಿ ಬರೆಯಬಹುದು, ಹಲವರು ಬರೆದಿದ್ದಾರೆ. ನನಗೆ ಇದರಲ್ಲಿ ಮುಖ್ಯವಾಗಿ ಕಾಣುವುದು ಒಂದೇ: ವಿಧವೆಗೆ, ವಿಚ್ಛೇದಿತೆಗೆ, ನಾಟಕ ಸಿನಿಮಾಗಳಲ್ಲಿ ಪಾತ್ರ ಮಾಡುವ ಹೆಣ್ಣಿಗೆ ಆ ಕಾಲದ ಮರ್ಯಾದಸ್ಥ ಸಮಾಜ ಎಲ್ಲೆಲ್ಲಿ ಗೆರೆ ಎಳೆದಿತ್ತೋ ಅಲ್ಲೆಲ್ಲ ಅವರು ಆ ಗೆರೆಯನ್ನು ದಾಟಿದರು, ದಾಟಿದ್ದಕ್ಕೆ ಯಾರಿಗೂ ವಿವರಣೆ ಕೊಡುತ್ತ ಕೂರಲಿಲ್ಲ.

1926ರಲ್ಲಿ ಮದರಾಸು ಶಾಸನ ಪರಿಷತ್ತಿಗೆ ಹೆಂಗಸರೂ ಸ್ಪರ್ಧಿಸಬಹುದು ಎಂದಾಯಿತು. ಮಹಿಳಾ ಹಕ್ಕುಗಳ ಹೋರಾಟಗಾರ್ತಿ ಮಾರ್ಗರೆಟ್ ಕಸಿನ್ಸ್ ಅವರ ಒತ್ತಾಸೆಯಿಂದ ಕಮಲಾದೇವಿ ಕಣಕ್ಕಿಳಿದರು, ಅಲ್ಪ ಮತಗಳಿಂದ ಸೋತರು. ಭಾರತದಲ್ಲಿ ಚುನಾವಣೆಗೆ ನಿಂತ ಮೊದಲ ಮಹಿಳೆ ಎಂದು ಇದನ್ನು ಎಲ್ಲರೂ ಹೇಳುತ್ತಾರೆ. ಆ ಚುನಾವಣೆಯಲ್ಲಿ ಮತ ಹಾಕಿದವರು ಯಾರು ಎಂಬುದನ್ನು ಯಾರೂ ಹೇಳುವುದಿಲ್ಲ. ಮದರಾಸು ಪ್ರಾಂತದಲ್ಲಿ ಹೆಂಗಸರಿಗೆ 1921ರಲ್ಲೇ ಮತದ ಹಕ್ಕು ಸಿಕ್ಕಿತ್ತು, ಆದರೆ ಆಸ್ತಿ ಇದ್ದವರಿಗೆ, ತೆರಿಗೆ ಕಟ್ಟುವವರಿಗೆ ಮಾತ್ರ. ಆಸ್ತಿ ಹೆಂಗಸಿನ ಹೆಸರಿಗೆ ಬಾರದಂತೆ ಒಂದು ಕಾನೂನು ತಡೆದರೆ, ಆಸ್ತಿಯಿಲ್ಲದವಳಿಗೆ ಮತವಿಲ್ಲ ಎಂದು ಇನ್ನೊಂದು ಕಾನೂನು ಹೇಳುತ್ತಿತ್ತು. ಎರಡರ ನಡುವೆ ನಿಂತ ಅಭ್ಯರ್ಥಿ ಸೋತದ್ದರಲ್ಲಿ ಆಶ್ಚರ್ಯವಿಲ್ಲ, ಇಷ್ಟು ಕಡಿಮೆ ಅಂತರದಿಂದ ಸೋತದ್ದೇ ಆಶ್ಚರ್ಯ. ಮರುವರ್ಷ ಪುಣೆಯಲ್ಲಿ ಅಖಿಲ ಭಾರತ ಮಹಿಳಾ ಸಮ್ಮೇಳನ ಹುಟ್ಟಿತು, ಕಮಲಾದೇವಿ ಅದರ ಸಂಘಟನಾ ಕಾರ್ಯದರ್ಶಿಯಾದರು. ದಿಲ್ಲಿಯ ಲೇಡಿ ಇರ್ವಿನ್ ಕಾಲೇಜಿನ ಹಿಂದೆ ಇದ್ದದ್ದು ಈ ಸಮ್ಮೇಳನದ ದುಡಿಮೆ.

ಈಗ ಉಪ್ಪಿನ ಮಾತು. 1930ರ ಮಾರ್ಚ್ 12ರಂದು ಸಾಬರಮತಿಯಿಂದ ಗಾಂಧೀಜಿಯೊಂದಿಗೆ ಹೊರಟ 78 ಮಂದಿಯಲ್ಲಿ ಒಬ್ಬ ಹೆಂಗಸೂ ಇರಲಿಲ್ಲ. ಇದು ಮರೆವಿನಿಂದ ಆದದ್ದಲ್ಲ, ಯೋಚಿಸಿಯೇ ಮಾಡಿದ್ದು. ಹೆಂಗಸರ ಮೇಲೆ ಇಂಗ್ಲಿಷರು ಕೈಮಾಡುವುದಿಲ್ಲ, ಅವರನ್ನು ಮುಂದಿಟ್ಟುಕೊಂಡು ಹೋಗುವುದು ಯುದ್ಧಭೂಮಿಗೆ ಹಸುಗಳನ್ನು ಹೊಡೆದುಕೊಂಡು ಹೋದ ಹಾಗೆ ಹೇಡಿತನವಾಗುತ್ತದೆ ಎಂಬುದು ಗಾಂಧೀಜಿಯ ವಾದ. ಹೆಂಗಸರಿಗೆ ಹೊಂದುವುದು ಹೆಂಡದಂಗಡಿ, ವಿದೇಶಿ ಬಟ್ಟೆಯಂಗಡಿಗಳ ಮುಂದಿನ ಪಿಕೆಟಿಂಗ್ ಮತ್ತು ನೂಲುವ ಕೆಲಸ ಎಂದು ಅವರು ನಂಬಿದ್ದರು. ಈ ವಾದದಲ್ಲಿ ಗೌರವವಿದೆ, ಕಾಳಜಿಯಿದೆ. ಹೆಂಗಸು ತನ್ನ ಅಪಾಯವನ್ನು ತಾನೇ ಆರಿಸಿಕೊಳ್ಳಬಲ್ಲಳು ಎಂಬ ನಂಬಿಕೆ ಮಾತ್ರ ಇಲ್ಲ.

ಕಮಲಾದೇವಿ ಯಾತ್ರೆಯ ನಡುವೆಯೇ ಹೋಗಿ ಗಾಂಧೀಜಿಯನ್ನು ಕಂಡರು. ಅಹಿಂಸೆಯ ಹೋರಾಟದಲ್ಲಿ ತೋಳ್ಬಲಕ್ಕೆ ಜಾಗವಿಲ್ಲ ಎಂದಮೇಲೆ ಹೆಂಗಸರನ್ನು ಹೊರಗಿಡಲು ಕಾರಣವೇ ಇಲ್ಲ ಎಂಬುದು ಅವರ ನಿಲುವು. ಗಾಂಧೀಜಿ ಒಪ್ಪಿದರು. ಮುಂಬಯಿಯಲ್ಲಿ ಕಾನೂನು ಮುರಿಯಲು ಹೊರಟ ಮೊದಲ ತಂಡದಲ್ಲಿ ಕಮಲಾದೇವಿ ಮತ್ತು ಅವಂತಿಕಾಬಾಯಿ ಗೋಖಲೆ ಇದ್ದರು. ಚೌಪಾಟಿಯ ಕಡಲತೀರಕ್ಕೆ ಹೆಂಗಸರು ಕೊಡ ತಂಬಿಗೆ ಹಿಡಿದು ಬಂದರು, ಸಮುದ್ರದ ನೀರು ಹೊತ್ತು ಒಲೆ ಹೂಡಿ ಕಾಯಿಸಿದರು. ಆ ಉಪ್ಪನ್ನು ಪೊಟ್ಟಣ ಕಟ್ಟಿ ಕಮಲಾದೇವಿ ಷೇರು ಪೇಟೆಯೊಳಗೆ ನುಗ್ಗಿ ಮಾರಿದರು, ಹೈಕೋರ್ಟಿನ ಆವರಣಕ್ಕೂ ಹೋದರು. ಈ ಸ್ವಾತಂತ್ರ್ಯದ ಉಪ್ಪನ್ನು ತಾವೂ ಕೊಳ್ಳುತ್ತೀರಾ ಎಂದು ಮ್ಯಾಜಿಸ್ಟ್ರೇಟರನ್ನೇ ಕೇಳಿದರಂತೆ. ಸಿಕ್ಕದ್ದು ಜೈಲು.

ಹೆಂಗಸರು ಬಂದದ್ದರಿಂದ ಈ ಸತ್ಯಾಗ್ರಹಕ್ಕೆ ಜನಬಲ ಹೆಚ್ಚಿತು ಎಂದು ಹೇಳಿ ಸುಮ್ಮನಾದರೆ ಸಾಲದು. ಅದರ ಅರ್ಥವೂ ಬದಲಾಯಿತು. ಉಪ್ಪಿನ ಕರ ಎಲ್ಲರನ್ನೂ ಮುಟ್ಟುತ್ತಿತ್ತು ನಿಜ, ಆದರೆ ಅದನ್ನು ದಿನದಿನವೂ ಚಿಟಿಕೆ ಲೆಕ್ಕದಲ್ಲಿ ಅಳೆದು ಹಾಕುತ್ತಿದ್ದವಳು ಅಡುಗೆಮನೆಯ ಹೆಂಗಸು. ಕಾಂಗ್ರೆಸ್ಸಿಗೆ ಉಪ್ಪು ಒಂದು ಸಂಕೇತ, ಅವಳಿಗೆ ಅದು ಖರ್ಚು. ಆಕೆ ಅದೇ ಕೊಡ, ಅದೇ ಒಲೆಗಳನ್ನು ಬೀದಿಗೆ ತಂದು ಸರಕಾರದ ಕಾನೂನು ಮುರಿದಾಗ, ಮನೆಯೊಳಗಿನ ಲೆಕ್ಕಕ್ಕೂ ದೇಶದ ಲೆಕ್ಕಕ್ಕೂ ನಡುವೆ ಇದ್ದ ಗೋಡೆ ಬಿತ್ತು. ಪೇಟೆಯಲ್ಲಿ ನಿಂತು ಮಾರಿದ ಆ ಪೊಟ್ಟಣದಲ್ಲಿ ಇಪ್ಪತ್ತು ವರ್ಷಗಳ ನಂತರದ ಎಂಪೋರಿಯಂ ಆಗಲೇ ಇತ್ತು ಎಂದು ನಾನು ಹೇಳುತ್ತೇನೆ. ಕೈಯಿಂದ ಮಾಡಿದ ವಸ್ತು, ಮಾಡಿದವರೇ ಹೇಳುವ ಬೆಲೆ, ಕೊಳ್ಳುವವನನ್ನೂ ಪಕ್ಷ ವಹಿಸುವಂತೆ ಮಾಡುವ ಮಾರಾಟ. ಎರಡೂ ಕಡೆ ನಡೆದದ್ದು ಇದೇ.

ಅದೇ ವರ್ಷ ಅದೇ ಮಂಗಳೂರಿನ ಇನ್ನೊಬ್ಬ ಹೆಣ್ಣುಮಗಳು ಪೂರ್ತಿ ಬೇರೆ ದಾರಿ ಹಿಡಿದರು. ಕುದ್ಮುಲ್ ರಂಗರಾಯರ ಮಗಳು ರಾಧಾಬಾಯಿ ಸುಬ್ಬರಾಯನ್ ಲಂಡನ್ನಿನ ಮೊದಲ ದುಂಡುಮೇಜಿನ ಪರಿಷತ್ತಿಗೆ ಪ್ರತಿನಿಧಿಯಾಗಿ ಹೋದರು. ಶಾಸನಸಭೆಗಳಲ್ಲಿ ಹೆಂಗಸರಿಗೆ ಸ್ಥಾನಗಳನ್ನು ಕಾದಿರಿಸಬೇಕು ಎಂದು ಅಲ್ಲಿ ವಾದಿಸಿದರು. ಕಮಲಾದೇವಿ ಸಂಘಟಿಸಿ ಬೆಳೆಸಿದ್ದ ಮಹಿಳಾ ಸಮ್ಮೇಳನ ಇದನ್ನು ವಿರೋಧಿಸಿತು. ನಮಗೆ ವಯಸ್ಕ ಮತದಾನ ಬೇಕು, ರಿಯಾಯಿತಿ ಬೇಡ, ಧರ್ಮ ಜಾತಿ ಲಿಂಗಗಳ ಹೆಸರಿನಲ್ಲಿ ದೇಶವನ್ನು ಒಡೆಯುವ ಸೀಟುಗಳು ಬೇಡ ಎಂಬುದು ಅದರ ನಿಲುವು. ಆ ಹೊತ್ತಿನಲ್ಲಿ ಹಾಗೆ ಹೇಳಲು ಧೈರ್ಯ ಬೇಕಿತ್ತು, ಬ್ರಿಟಿಷರ ಒಡೆದಾಳುವ ಆಟವೂ ಕಣ್ಣೆದುರಿಗಿತ್ತು. ಆದರೂ ಈ ಒಂದು ವಿಷಯದಲ್ಲಿ ರಾಧಾಬಾಯಿಯವರ ಮಾತಿಗೆ ಹೆಚ್ಚು ತೂಕವಿತ್ತು ಎಂದು ಒಪ್ಪಿಕೊಳ್ಳಬೇಕು. ವಯಸ್ಕ ಮತದಾನ ಬಂದು ಎಪ್ಪತ್ತು ವರ್ಷಗಳಾದ ಮೇಲೂ, 2024ರಲ್ಲಿ ಲೋಕಸಭೆಗೆ ಆಯ್ಕೆಯಾದ ಮಹಿಳೆಯರು 543ರಲ್ಲಿ 74 ಮಂದಿ. ಮೂರನೇ ಒಂದು ಭಾಗ ಕಾದಿರಿಸುವ ತಿದ್ದುಪಡಿ ಸಂಸತ್ತಿನಲ್ಲಿ ಅಂಗೀಕಾರವಾದದ್ದು 2023ರಲ್ಲಿ. ಸಮಾನತೆಯನ್ನು ಬಾಯಲ್ಲಿ ಒಪ್ಪಿಕೊಂಡ ಗಂಡಸರು ತಾವಾಗಿ ಜಾಗ ಬಿಟ್ಟುಕೊಡುತ್ತಾರೆ ಎಂಬ ನಂಬಿಕೆ ಸ್ವಾತಂತ್ರ್ಯ ಚಳವಳಿಯ ಮಹಿಳೆಯರು ಇಟ್ಟ ದೊಡ್ಡ ನಂಬಿಕೆ, ಅದು ಫಲಿಸಲಿಲ್ಲ. ಕಮಲಾದೇವಿಯವರನ್ನು ಗೌರವಿಸುವವರು ಇದನ್ನು ಹೇಳದೆ ಬಿಡಬಾರದು.

ಇನ್ನೊಂದು ಆಕ್ಷೇಪವೂ ಇದೆ, ಅದು ಇನ್ನೂ ಹೆಚ್ಚು ನ್ಯಾಯವಾದದ್ದು. ಇಂಗ್ಲಿಷ್ ಬಲ್ಲ, ಮೇಲ್ಜಾತಿಯ, ಲಂಡನ್ನಿಗೆ ಹೋಗಿ ಬಂದ ಹೆಂಗಸರ ಹೆಸರುಗಳಷ್ಟೇ ಚರಿತ್ರೆಯಲ್ಲಿ ಉಳಿದವು, ಉಳಿದವರು ಗುಂಪಿನಲ್ಲಿ ಕರಗಿದರು ಎಂಬುದು. ನಿಜ. 1924ರ ಬೆಳಗಾವಿ ಕಾಂಗ್ರೆಸ್ಸಿನಲ್ಲಿ ಉಮಾಬಾಯಿ ಕುಂದಾಪುರ ಕಟ್ಟಿದ ಸ್ವಯಂಸೇವಕಿಯರ ಪಡೆಯಲ್ಲಿ ಅನೇಕರು ವಿಧವೆಯರು, ಅವರ ಹೆಸರು ನಮಗೆ ಗೊತ್ತಿಲ್ಲ. ಅಂಕೋಲೆಯಲ್ಲಿ 1930ರ ಏಪ್ರಿಲ್ 13ರಂದು ಉಪ್ಪಿನ ಕಾನೂನು ಮುರಿದಾಗ ಸೇರಿದವರದ್ದೂ ಹೆಚ್ಚಿನ ಹೆಸರುಗಳು ಗೊತ್ತಿಲ್ಲ. ಇವೆಲ್ಲಕ್ಕಿಂತ ನನ್ನನ್ನು ಕಾಡುವುದು ಸಿದ್ದಾಪುರ ಸೀಮೆಯ ಕರನಿರಾಕರಣೆ. ಕಂದಾಯ ಕೊಡದ ರೈತರ ಜಮೀನನ್ನು ಸರಕಾರ ಮುಟ್ಟುಗೋಲು ಹಾಕಿ ಹರಾಜು ಹಾಕಿತು. ಅದನ್ನು ಹರಾಜಿನಲ್ಲಿ ಹಿಡಿದವರ ಮನೆಯ ಮುಂದೆ ಹೆಂಗಸರು ಅನ್ನ ನೀರು ಬಿಟ್ಟು ಕೂತರು. ಜೋಗದ ದಾರಿಯ ಮಾವಿನಗುಂಡಿಯಲ್ಲಿ ಅವರ ನೆನಪಿಗೆ ಸ್ಮಾರಕವಿದೆ.

ಆ ಜಮೀನಿನಲ್ಲಿ ಒಂದು ಗುಂಟೆಯೂ ಆ ಹೆಂಗಸರಲ್ಲಿ ಬಹುಪಾಲಿನವರ ಹೆಸರಿನಲ್ಲಿ ಇರಲಿಲ್ಲ, ಇರಲು ಆಗಿನ ಉತ್ತರಾಧಿಕಾರದ ಕಾನೂನು ಹೆಚ್ಚು ಎಡೆ ಕೊಡುತ್ತಲೂ ಇರಲಿಲ್ಲ. ನಾಟಿ, ಕಳೆ, ಕೊಯ್ಲು, ಅಡಿಕೆ ಸುಲಿಯುವುದು ಎಲ್ಲ ಅವರ ಕೈಯದ್ದು, ಪಹಣಿ ಮಾತ್ರ ಗಂಡಸರದ್ದು. ಆದರೂ ನೆಲ ಹೋದಾಗ ಹಸಿದು ಕೂತವರು ಅವರು. ಇಂಥವರ ತ್ಯಾಗವನ್ನು ನಾವು ಹೊಗಳುತ್ತೇವೆ. ಹೊಗಳುವ ಮೊದಲು ಕೇಳಬೇಕಾದ ಪ್ರಶ್ನೆ ಇದು: ನೆಲ ಮರಳಿ ಬಂದಾಗ ಅದರಲ್ಲಿ ಅವರ ಹೆಸರು ಸೇರಿತೇ? ಕಮಲಾದೇವಿಯವರ ಬದುಕಿನ ಎರಡನೆಯ ಅರ್ಧ ನನಗೆ ದೊಡ್ಡದಾಗಿ ಕಾಣುವುದು ಇಲ್ಲಿಯೇ. ಚಳವಳಿಯಲ್ಲಿ ಮೈಯೊಡ್ಡಿ ಮನೆಗೆ ಮರಳಿದ ಹೆಸರಿಲ್ಲದ ಜನಕ್ಕೆ ಸ್ವಾತಂತ್ರ್ಯ ಏನು ಕೊಟ್ಟಿತು ಎಂಬ ಪ್ರಶ್ನೆಯನ್ನು ಅಧಿಕಾರದ ಕುರ್ಚಿ ಹಿಡಿದವರು ಮುಂದೂಡಿದರು, ಕಮಲಾದೇವಿ ಅದನ್ನೇ ಕೈಗೆತ್ತಿಕೊಂಡರು.

ಅಷ್ಟರಲ್ಲಿ ಅವರು ಸಮಾಜವಾದಿಯಾಗಿದ್ದರು. 1934ರಲ್ಲಿ ಹುಟ್ಟಿದ ಕಾಂಗ್ರೆಸ್ ಸೋಷಲಿಸ್ಟ್ ಪಕ್ಷದ 1936ರ ಮೀರತ್ ಅಧಿವೇಶನಕ್ಕೆ ಅವರೇ ಅಧ್ಯಕ್ಷೆ. ಎರಡನೆಯ ಮಹಾಯುದ್ಧ ಶುರುವಾದಾಗ ಹೊರದೇಶದಲ್ಲಿದ್ದರು. ಅಮೆರಿಕಾದಲ್ಲಿ ಉಳಿದು, ಊರೂರು ಸುತ್ತಿ ಭಾರತದ ಪರವಾಗಿ ಮಾತಾಡಿದರು. ಆಗ ನಡೆದ ಒಂದು ಪ್ರಸಂಗವಿದೆ. ಲೂಸಿಯಾನಾದಲ್ಲಿ ರೈಲಿನಲ್ಲಿ ಬಿಳಿಯರ ಡಬ್ಬಿಯಲ್ಲಿ ಕೂತಿದ್ದ ಅವರನ್ನು ಟಿಕೆಟ್ ನೋಡುವವನು ಎದ್ದುಹೋಗಲು ಹೇಳಿದ. ಏಳಲಿಲ್ಲ. ಅವನಿಗೆ ಅನುಮಾನ ಬಂದು ಯಾವ ಊರಿನವರು ಎಂದು ಕೆದಕಿದ. ಭಾರತದವಳು, ಇಲ್ಲಿಯ ಕರಿಯಳಲ್ಲ ಎಂದು ಹೇಳಿದ್ದರೆ ಬಹುಶಃ ಅಲ್ಲೇ ಬಿಟ್ಟುಬಿಡುತ್ತಿದ್ದ, ವಿದೇಶಿ ಎಂಬ ವಿನಾಯಿತಿ ಆ ವ್ಯವಸ್ಥೆಯಲ್ಲಿ ಇತ್ತು. ಕಮಲಾದೇವಿ ಆ ಬಾಗಿಲಿನಿಂದ ತಪ್ಪಿಸಿಕೊಳ್ಳಲಿಲ್ಲ. ತಾನು ಬಿಳಿಯಳಲ್ಲ, ಕರಿಯರ ಪಂಕ್ತಿಗೇ ಸೇರಿದವಳು, ಆದರೂ ಏಳುವುದಿಲ್ಲ ಎಂಬ ಅರ್ಥದ ಉತ್ತರ ಕೊಟ್ಟು ಕೂತಲ್ಲೇ ಕೂತರು. ರಿಯಾಯಿತಿಯನ್ನು ಒಲ್ಲದ ಗುಣ ತಾಯಿಯಿಂದಲೇ ಬಂದದ್ದಿರಬೇಕು. ಮಹಿಳಾ ಮೀಸಲಾತಿಯ ವಿಷಯದಲ್ಲಿ ನನಗೆ ತಪ್ಪೆನಿಸಿದ ಆ ಹಟವೇ ಇಲ್ಲಿ ಎಷ್ಟು ಘನವಾಗಿ ಕಾಣುತ್ತದೆ!

ಸ್ವಾತಂತ್ರ್ಯದ ಹೊಸ್ತಿಲಲ್ಲಿ, 1946ರಲ್ಲಿ, ನೆಹರೂ ಕಮಲಾದೇವಿಯವರನ್ನು ಕಾಂಗ್ರೆಸ್ ಕಾರ್ಯಕಾರಿ ಸಮಿತಿಗೆ ತೆಗೆದುಕೊಂಡಿದ್ದರು. ಮಂತ್ರಿಗಿರಿಯ ಹಾದಿ ದೂರವೇನೂ ಇರಲಿಲ್ಲ. ಆದರೆ 1948ರಲ್ಲಿ ನಾವು ಅವರನ್ನು ಕಾಣುವುದು ನಿರಾಶ್ರಿತರ ಶಿಬಿರಗಳಲ್ಲಿ. ವಿಭಜನೆಯಿಂದ ಬಂದ ಜನರಿಗೆ ಸರಕಾರ ರೇಷನ್ನು, ಡೇರೆ ಕೊಡುತ್ತಿತ್ತು. ಭಿಕ್ಷೆಯ ಅನ್ನದಲ್ಲಿ ಜನ ಬಹಳ ಕಾಲ ಇದ್ದರೆ ಒಳಗೊಳಗೇ ಸಾಯುತ್ತಾರೆ ಎಂದು ಕಮಲಾದೇವಿಯವರಿಗೆ ಅನಿಸಿತು. ಇಂಡಿಯನ್ ಕೋಆಪರೇಟಿವ್ ಯೂನಿಯನ್ ಹುಟ್ಟಿದ್ದು ಹೀಗೆ. ದಿಲ್ಲಿಯ ಹತ್ತಿರದ ಛತರ್‌ಪುರದಲ್ಲಿ ಪಶ್ಚಿಮ ಪಂಜಾಬಿನ ರೈತರನ್ನು ಸೇರಿಸಿ ಸಹಕಾರಿ ಬೇಸಾಯ ಶುರು ಮಾಡಿದರು. ಅದಕ್ಕಿಂತ ದೊಡ್ಡ ಪ್ರಯೋಗ ಫರೀದಾಬಾದಿನದು.

ವಾಯವ್ಯ ಗಡಿಪ್ರಾಂತದ ಬನ್ನು, ಡೇರಾ ಇಸ್ಮಾಯಿಲ್ ಖಾನ್, ಕೋಹಾಟ್ ಕಡೆಯಿಂದ ಬಂದ ಹತ್ತಾರು ಸಾವಿರ ಜನ ತಮ್ಮನ್ನು ಚದುರಿಸಬೇಡಿ, ಒಟ್ಟಿಗೆ ಒಂದು ಊರು ಕೊಡಿ ಎಂದು ಹಟ ಹಿಡಿದಿದ್ದರು. ಅವರಲ್ಲಿ ಗಫಾರ್ ಖಾನರ ಖುದಾಯಿ ಖಿದ್ಮತ್‌ಗಾರ್ ಚಳವಳಿಯಲ್ಲಿ ಪಳಗಿದವರು ಇದ್ದರು. ಕಂಟ್ರಾಕ್ಟರುಗಳ ಕೈಯಿಂದ ಮನೆ ಕಟ್ಟಿಸಿ ಇವರಿಗೆ ಹಂಚುವುದು ಸರಕಾರಿ ಇಲಾಖೆಗಳಿಗೆ ಗೊತ್ತಿದ್ದ ದಾರಿ. ಇವರ ಊರನ್ನು ಇವರೇ ಕಟ್ಟಲಿ, ಕೂಲಿ ಇವರಿಗೇ ಸಿಗಲಿ ಎಂದು ಕಮಲಾದೇವಿ ಮತ್ತು ಅವರ ಜೊತೆಗಿದ್ದ ಎಲ್.ಸಿ. ಜೈನ್ ಅವರಂಥ ಯುವಕರು ಪಟ್ಟು ಹಿಡಿದರು. ವ್ಯಾಪಾರ ಮಾಡಿ ಬದುಕಿದ್ದವರು, ಕೈಯಲ್ಲಿ ಗುದ್ದಲಿ ಹಿಡಿಯದವರು, ಮಣ್ಣು ಅಗೆದು ಇಟ್ಟಿಗೆ ಹೊತ್ತು ಸಾವಿರಾರು ಮನೆ ಎಬ್ಬಿಸಿದರು. ಆಸ್ಪತ್ರೆ, ಶಾಲೆಗಳು ಬಂದವು, ಕಾರ್ಖಾನೆ ಕೆಲಸಕ್ಕೆ ತರಬೇತಿ ಬಂತು. ನೆಹರೂ ಮತ್ತೆ ಮತ್ತೆ ಬಂದು ನೋಡಿದರು. ಆದರೆ ಕೆಲವೇ ವರ್ಷಗಳಲ್ಲಿ ಇಲಾಖೆಗಳ ಕೈ ಮೇಲಾಯಿತು, ಸಹಕಾರಿ ಘಟಕಗಳು ಬಡವಾದವು, ಊರು ಎಲ್ಲ ಊರುಗಳ ಹಾಗೆ ಆಡಳಿತಕ್ಕೆ ಒಳಪಟ್ಟಿತು.

ನಮ್ಮ ಪಂಚವಾರ್ಷಿಕ ಯೋಜನೆಗಳ ಕಥೆ ಹೇಳುವವರು ಅಣೆಕಟ್ಟು, ಉಕ್ಕಿನ ಕಾರ್ಖಾನೆಗಳ ಬಗ್ಗೆ ವಾದಿಸುತ್ತಾರೆ. ಫರೀದಾಬಾದಿನ ಸೋಲಿನ ಬಗ್ಗೆ ಅಷ್ಟು ಗಂಭೀರವಾದ ಚರ್ಚೆ ನಡೆದಿಲ್ಲ ಎಂಬುದು ನನ್ನ ಕೊರಗು. ಸ್ವತಂತ್ರ ದೇಶದ ಸರಕಾರ ತನ್ನ ಪ್ರಜೆಗಳನ್ನು ಹೇಗೆ ನೋಡುತ್ತದೆ ಎಂಬುದು ಅಲ್ಲಿ ತೀರ್ಮಾನವಾಯಿತು. ಕೊಟ್ಟದ್ದನ್ನು ತೆಗೆದುಕೊಳ್ಳುವ ಫಲಾನುಭವಿ ಬೇಕೋ, ತನ್ನ ಊರನ್ನು ತಾನೇ ಕಟ್ಟಿ ನಡೆಸುವ ನಾಗರಿಕ ಬೇಕೋ? ಜೀವನಾಂಶ ಬೇಡ, ಹಕ್ಕು ಬೇಕು ಎಂದ ತಾಯಿಯ ಮಗಳು ಯಾವ ಕಡೆಗಿದ್ದರು ಎಂದು ಹೇಳಬೇಕಾಗಿಲ್ಲ. ಗೆದ್ದದ್ದು ಇನ್ನೊಂದು ಕಡೆ.

ಈ ಹಿನ್ನೆಲೆಯನ್ನು ಬಿಟ್ಟು ಅವರ ಕರಕುಶಲದ ಕೆಲಸವನ್ನು ಓದಲು ಬರುವುದಿಲ್ಲ. 1952ರಲ್ಲಿ ಅಖಿಲ ಭಾರತ ಕರಕುಶಲ ಮಂಡಳಿ ರಚನೆಯಾಯಿತು, ಕಮಲಾದೇವಿ ಅದರ ಅಧ್ಯಕ್ಷೆಯಾಗಿ ಹಲವು ವರ್ಷ ದುಡಿದರು. ಅದೇ ಹೊತ್ತಿಗೆ ದಿಲ್ಲಿಯ ಕಾಟೇಜ್ ಇಂಡಸ್ಟ್ರೀಸ್ ಎಂಪೋರಿಯಂನ ಆಡಳಿತ ಕೋಆಪರೇಟಿವ್ ಯೂನಿಯನ್ನಿನ ಕೈಗೆ ಬಂತು. ನಿರಾಶ್ರಿತರ ಜೊತೆ ಕೆಲಸ ಮಾಡಿದ ಸಂಸ್ಥೆಯೇ ಅಂಗಡಿ ನಡೆಸಿತು ಎಂಬುದನ್ನು ಗಮನಿಸಬೇಕು. ನೇಕಾರ, ಕಂಚುಗಾರ, ಕುಂಬಾರರ ಕಷ್ಟ ಅಂದವಿಲ್ಲದ ವಸ್ತುಗಳದ್ದಾಗಿರಲಿಲ್ಲ. ನೂಲಿಗೆ, ಲೋಹಕ್ಕೆ, ಬಣ್ಣಕ್ಕೆ ಸಾಹುಕಾರನ ಸಾಲ, ಮಾಡಿದ ಮಾಲಿಗೆ ಅದೇ ಸಾಹುಕಾರ ಹೇಳಿದ ಬೆಲೆ. ಈ ಕೊಂಡಿ ಕಡಿಯಬೇಕಾದರೆ ಕಚ್ಚಾಮಾಲು, ಸಾಲ, ವಿನ್ಯಾಸ, ಮಾರುಕಟ್ಟೆ ಈ ನಾಲ್ಕೂ ಕುಶಲಕರ್ಮಿಯ ಕೈಗೆ ನೇರವಾಗಿ ಸಿಗಬೇಕು. ಮಂಡಳಿ ಮಾಡಲು ಹೊರಟದ್ದು ಇದನ್ನು. ಕಾಳಹಸ್ತಿಯಲ್ಲಿ ಕಲಂಕಾರಿಯ ತರಬೇತಿ ಕೇಂದ್ರ, ಜೈಪುರದ ನೀಲಿ ಕುಂಬಾರಿಕೆಗೆ ಮರುಜೀವ, 1965ರಿಂದ ನಿಪುಣ ಕುಶಲಕರ್ಮಿಗಳಿಗೆ ರಾಷ್ಟ್ರಪ್ರಶಸ್ತಿ. ಅದುವರೆಗೆ ವಸ್ತುವಿಗೆ ಊರಿನ ಹೆಸರಿತ್ತು, ಮಾಡಿದವರ ಹೆಸರಿರಲಿಲ್ಲ. ಪ್ರಶಸ್ತಿ ಬಂದಮೇಲೆ ಕೆಲವರಿಗಾದರೂ ಹೆಸರು ಬಂತು.

ಇದೆಲ್ಲ ಹಳೆಯದಕ್ಕೆ ಅಂಟಿಕೊಳ್ಳುವ ಕೆಲಸ ಎಂದು ಆಗಲೂ ಹೇಳಿದವರಿದ್ದರು, ಈಗಲೂ ಇದ್ದಾರೆ. ಅವರ ಮಾತಿನಲ್ಲಿ ಒಂದು ಭಾಗ ನನಗೆ ಒಪ್ಪಿಗೆ. ಜಾತಿಯ ವ್ಯವಸ್ಥೆ ಕೆಲಸವನ್ನಷ್ಟೇ ಹಂಚುವುದಿಲ್ಲ, ಕೆಲಸಗಾರರನ್ನೇ ಮೇಲುಕೀಳಾಗಿ ಒಡೆಯುತ್ತದೆ ಎಂದು ಅಂಬೇಡ್ಕರ್ 1936ರಲ್ಲೇ ತೋರಿಸಿದ್ದರು. ಚಮ್ಮಾರನ ಕಸುಬನ್ನು, ಬಿದಿರು ಹೆಣೆಯುವ ಮೇದಾರನ ಕಸುಬನ್ನು ಕಲೆ ಎಂದು ಕೊಂಡಾಡುವಾಗ, ಆ ಕಸುಬು ಮಗುವಿಗೆ ಹುಟ್ಟಿನಿಂದ ಅಂಟಿದ ಬಂಧನವೂ ಹೌದು ಎಂಬುದನ್ನು ನಮ್ಮ ಕರಕುಶಲ ಚಳವಳಿ ಸಾಕಷ್ಟು ಗಟ್ಟಿಯಾಗಿ ಹೇಳಲಿಲ್ಲ. ಕಮಲಾದೇವಿಯವರ ಬಳಗದ ಭಾಷೆಯಲ್ಲೂ ಪರಂಪರೆ ಎಂಬ ಮಾತು ಜಾತಿ ಎಂಬ ಮಾತನ್ನು ಮುಚ್ಚಿಬಿಡುತ್ತಿತ್ತು. ಆದರೆ ಅವರು ತೋರಿದ ದಾರಿಯಲ್ಲೇ ಇದಕ್ಕೆ ಉತ್ತರದ ಬೀಜವೂ ಇದೆ. ಮನೆಯೊಳಗೆ ಅಪ್ಪನಿಂದ ಮಗನಿಗೆ ಮಾತ್ರ ಹರಿಯುತ್ತಿದ್ದ ವಿದ್ಯೆಯನ್ನು ತರಬೇತಿ ಕೇಂದ್ರಕ್ಕೆ ತಂದರೆ ಅದು ಹೊರಗಿನವರಿಗೂ, ಹೆಣ್ಣುಮಕ್ಕಳಿಗೂ ತೆರೆಯುತ್ತದೆ. ಕಸುಬು ಹುಟ್ಟಿನಿಂದ ಬಿಡುಗಡೆಯಾಗಿ ಆಯ್ಕೆಯಾಗಲು ಇದಕ್ಕಿಂತ ಬೇರೆ ದಾರಿ ನನಗೆ ಕಾಣುವುದಿಲ್ಲ. ಎಂಪೋರಿಯಂಗಳು ಕ್ರಮೇಣ ಉಳ್ಳವರ ಮನೆಯ ಅಲಂಕಾರಕ್ಕೆ ಸರಕು ಒದಗಿಸುವ ಜಾಗಗಳಾದವು ಎಂಬ ದೂರೂ ಸರಿಯೇ. ಆದರೆ ಅದು ಸಹಕಾರ ಎಂಬ ಅರ್ಧವನ್ನು ಬಿಟ್ಟು ಅಂಗಡಿ ಎಂಬ ಅರ್ಧವನ್ನಷ್ಟೇ ಇಟ್ಟುಕೊಂಡವರ ತಪ್ಪು.

ರಂಗಭೂಮಿಗೆ ಅವರು ಕೊಟ್ಟದ್ದನ್ನು ಹೇಳಲು ಬೇರೆಯದೇ ಲೇಖನ ಬೇಕು. ಅವರು ಕಟ್ಟಿದ ಭಾರತೀಯ ನಾಟ್ಯ ಸಂಘ, ಅದರ ಮೂಲಕ ಮಾಯಾ ರಾವ್ ಅವರ ಕಥಕ್ ಮತ್ತು ನೃತ್ಯ ಸಂಯೋಜನೆಯ ಶಾಲೆಗೆ ಸಿಕ್ಕ ನೆಲೆ, ಇಷ್ಟನ್ನು ಸೂಚಿಸಿ ಮುಂದೆ ಹೋಗುತ್ತೇನೆ. 1966ರಲ್ಲಿ ಮ್ಯಾಗ್ಸೇಸೆ, 1987ರಲ್ಲಿ ಪದ್ಮವಿಭೂಷಣ. 1988ರ ಅಕ್ಟೋಬರ್ 29ರಂದು ಮುಂಬಯಿಯಲ್ಲಿ ತೀರಿಕೊಂಡರು.

ಅವರ ಹೆಸರಿನ ಮುಂದೆ ನಾವು ಪೋಣಿಸುವ 'ಮೊದಲ ಮಹಿಳೆ'ಗಳ ಮಾಲೆಯ ಬಗ್ಗೆಯೂ ಒಂದು ಮಾತು ಹೇಳಬೇಕು. ಚುನಾವಣೆಗೆ ನಿಂತ ಮೊದಲ ಮಹಿಳೆ, ಉಪ್ಪಿನ ಕಾನೂನು ಮುರಿದ ಮೊದಲ ಮಹಿಳೆಯರಲ್ಲೊಬ್ಬರು, ಹೀಗೆ. ಸ್ಪರ್ಧಾ ಪರೀಕ್ಷೆಗೆ ಇದು ಅನುಕೂಲ. ಆದರೆ ಇಂಥ ಪಟ್ಟಿ ಹೋರಾಟವನ್ನು ಒಬ್ಬಳ ಸಾಧನೆಯಾಗಿ ಮಾಡುತ್ತದೆ, ಮೊದಲನೆಯವಳು ಬಾಗಿಲು ತೆರೆದಳು, ಇನ್ನು ಎಲ್ಲ ಸರಿಹೋಯಿತು ಎಂಬ ನೆಮ್ಮದಿ ಕೊಡುತ್ತದೆ. ಕಮಲಾದೇವಿಗೆ ಬೇಕಿದ್ದದ್ದು ಎರಡನೆಯವಳು, ನೂರನೆಯವಳು, ಲಕ್ಷದವಳು. ಜೀವನವಿಡೀ ಒಂದಾದ ಮೇಲೊಂದು ಸಂಸ್ಥೆ ಕಟ್ಟಿದ್ದು ಅದಕ್ಕಾಗಿ, ಕಟ್ಟಿದ್ದನ್ನು ಇನ್ನೊಬ್ಬರಿಗೆ ಒಪ್ಪಿಸಿ ಮುಂದಿನ ಕೆಲಸಕ್ಕೆ ನಡೆದದ್ದೂ ಅದಕ್ಕಾಗಿಯೇ.

ಆ ಲಕ್ಷದವಳು ಇವತ್ತು ಎಲ್ಲಿದ್ದಾಳೆ? 2019-20ರ ಕೈಮಗ್ಗ ಗಣತಿಯ ಪ್ರಕಾರ ದೇಶದಲ್ಲಿ ಕೈಮಗ್ಗದ ಕೆಲಸಗಾರರು ಸುಮಾರು 35 ಲಕ್ಷ, ಅವರಲ್ಲಿ ಶೇಕಡಾ 70ಕ್ಕೂ ಹೆಚ್ಚು ಮಂದಿ ಹೆಂಗಸರು. ಇಳಕಲ್, ಗುಳೇದಗುಡ್ಡದ ಮನೆಗಳಲ್ಲಿ ಕಂಡಿಕೆ ಸುತ್ತಿ, ಹಾಸು ಹೂಡಲು ಕೈಕೊಟ್ಟು, ಎಷ್ಟೋ ಕಡೆ ಮಗ್ಗಕ್ಕೂ ತಾವೇ ಇಳಿದು ನೇಯುವವರು ಅವರು. ನೇಕಾರ ಎಂದರೆ ಮಾತ್ರ ನಮ್ಮ ಕಣ್ಣಿಗೆ ಇನ್ನೂ ಗಂಡಸೇ ಬರುತ್ತಾನೆ. 2020ರ ಜುಲೈ ಕೊನೆಯಲ್ಲಿ ಕೇಂದ್ರ ಜವಳಿ ಸಚಿವಾಲಯ ಅಖಿಲ ಭಾರತ ಕೈಮಗ್ಗ ಮಂಡಳಿಯನ್ನು ರದ್ದು ಮಾಡಿತು. ಆಗಸ್ಟ್ ಮೊದಲ ವಾರದಲ್ಲಿ, ರಾಷ್ಟ್ರೀಯ ಕೈಮಗ್ಗ ದಿನಕ್ಕೆ ಕೆಲವೇ ದಿನ ಮುಂಚೆ, ಕಮಲಾದೇವಿ ನಡೆಸಿದ್ದ ಕರಕುಶಲ ಮಂಡಳಿಯೂ ಹೋಯಿತು. ಮಂಡಳಿ ನಿಸ್ತೇಜವಾಗಿತ್ತು, ಸದಸ್ಯತ್ವ ರಾಜಕೀಯ ನೇಮಕಾತಿಯಾಗಿತ್ತು ಎಂದು ರದ್ದತಿಯನ್ನು ಸಮರ್ಥಿಸಿದವರು ಹೇಳಿದರು. ಇರಬಹುದು. ಕೆಟ್ಟದ್ದನ್ನು ರಿಪೇರಿ ಮಾಡಲು ಬರುತ್ತಿತ್ತು. ಸರಕಾರದ ಮಂತ್ರಿ, ಅಧಿಕಾರಿಗಳ ಎದುರಿಗೆ ಕೂತು ನೂಲಿನ ಬೆಲೆ, ತೆರಿಗೆ, ಬಾಕಿ ಬಿಲ್ಲುಗಳ ಬಗ್ಗೆ ಮಾತಾಡಲು ಅಧಿಕೃತವಾಗಿ ಇದ್ದ ಜಾಗ ಹೋದಮೇಲೆ ಅದರ ಬದಲಿಗೆ ಅಂಥದ್ದೇನೂ ಬರಲಿಲ್ಲ.

ಕರ್ನಾಟಕ ಇದಕ್ಕೆ ದಿಲ್ಲಿಯ ದಾರಿ ಕಾಯಬೇಕಾಗಿಲ್ಲ. ನಮ್ಮ ನೇಕಾರರ ಸಹಕಾರ ಸಂಘಗಳು ಇವೆ, ಅವುಗಳ ಬೈಲಾ ತಿದ್ದಲು ಬರುತ್ತದೆ. ಕಂಡಿಕೆ ಸುತ್ತುವವಳನ್ನೂ ಷೇರುದಾರಳಾಗಿ ಮಾಡಬಹುದು, ನೇಕಾರರ ಗುರುತಿನ ಚೀಟಿಯನ್ನು ಮನೆಯ ಯಜಮಾನನ ಜೊತೆಗೆ ಅವಳ ಹೆಸರಿನಲ್ಲೂ ಕೊಡಬಹುದು, ಆಡಳಿತ ಮಂಡಳಿಯ ಅರ್ಧ ಸ್ಥಾನಗಳನ್ನು ಅವಳಿಗೆ ಕಾದಿರಿಸಬಹುದು. ಮೀಸಲು ಸ್ಥಾನವನ್ನು ಕಮಲಾದೇವಿಯವರ ಪೀಳಿಗೆ ಒಪ್ಪದಿದ್ದರೂ ನಾವು ಒಪ್ಪಬೇಕು. ಅವರ ಹೆಸರಿನಲ್ಲಿ ಇನ್ನೊಂದು ಪ್ರಶಸ್ತಿ ಇಡುವ ಬದಲು, ಈ ಮೂರು ತಿದ್ದುಪಡಿಗಳನ್ನು ಬರುವ ಸರ್ವಸಾಧಾರಣ ಸಭೆಗಳ ಮುಂದೆ ಇಡೋಣ.